ಕಥೆಯ ಹಾದಿ ಹಾಕುವ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಲೈಬ್ರರಿಯಲ್ಲಿ ಮಕ್ಕಳಿಗೆ ಹೊಸದೇನಾದರೂ ಮಾಡಬೇಕು ಅಂದಿದ್ದೆಯಲ್ಲ, ಕಥೆಯ ಹಾದಿಯಿಂದಲೇ ಶುರು ಮಾಡು. ಚಿತ್ರಪುಸ್ತಕದ ಪುಟ ಬಿಡಿಸಿ, ಹಲಗೆಗಳಿಗೆ ಕೂರಿಸಿ, ಉದ್ಯಾನದ ದಾರಿಯುದ್ದಕ್ಕೂ ನೆಡುವುದು, ಅಷ್ಟೇ. ಲೈಬ್ರರಿಯ ಮೆಟ್ಟಿಲು ಹತ್ತದವರೂ ನಡೆಯುತ್ತ ಓದಿಬಿಡುತ್ತಾರೆ. ನನಗೆ ಇದು ಇಷ್ಟವಾಗುವುದು ಅದಕ್ಕೇ. 2007ರಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ಮಾಂಟ್‌ಪೀಲಿಯರ್‌ನಲ್ಲಿ ‘ಸ್ಟೋರಿವಾಕ್’ ಎಂದು ಮೊದಲಾಯಿತು. ಆ ಹೆಸರು ನೋಂದಣಿಯಾಗಿದೆ, ನಿನ್ನದಕ್ಕೆ ಬೇರೆಯದನ್ನೇ ಇಡು.

ಪುಸ್ತಕದ ಆಯ್ಕೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಪುಟಕ್ಕೆ ಮೂರು ನಾಲ್ಕು ಸಾಲು ಸಾಕು. ಅದಕ್ಕಿಂತ ಹೆಚ್ಚಾದರೆ ಅಮ್ಮ ಓದಿ ಮುಗಿಸುವಷ್ಟರಲ್ಲಿ ಮಗು ಮೂರು ಹಲಗೆ ದಾಟಿರುತ್ತದೆ. 32 ಪುಟದ ಪುಸ್ತಕಕ್ಕೆ ಸುಮಾರು 16 ಹಲಗೆ ಬೇಕಾಗುತ್ತವೆ. ಹಾಳೆಯ ಎರಡೂ ಬದಿಯಲ್ಲಿ ಕಥೆ ಇರುವುದರಿಂದ ಎರಡು ಪ್ರತಿ ಬೇಕೇ ಬೇಕು, ಹರಿದುಹೋದರೆ ಅಂತ ಮೂರನೆಯದೊಂದು. ಜೆರಾಕ್ಸ್ ಮಾತ್ರ ಮಾಡಬೇಡ. ಹಕ್ಕುಸ್ವಾಮ್ಯದ ತೊಡಕು ಬರುತ್ತದೆ, ಕೊಂಡ ಪುಸ್ತಕದ ಮೂಲ ಪುಟಗಳನ್ನೇ ಬಳಸು.

ಕೆಲಸ ಕೆಡುವುದು ಹೆಚ್ಚಾಗಿ ಲ್ಯಾಮಿನೇಶನ್‌ನಲ್ಲಿ. ಮೊದಲು ಪುಟವನ್ನು ಅಳತೆಗೆ ಕತ್ತರಿಸಿಕೊಂಡು ಆಮೇಲೆ ಲ್ಯಾಮಿನೇಟ್ ಮಾಡಿಸು. ಸುತ್ತ ಒಂದು ಬೆರಳಗಲ ಬರೀ ಪ್ಲಾಸ್ಟಿಕ್ ಉಳಿಯಲಿ. ಅಂದಕ್ಕೆಂದು ಕಾಗದದ ಅಂಚಿಗೇ ಕತ್ತರಿ ಹಾಕಿದರೆ ಮೊದಲ ಮಳೆಗೇ ನೀರು ಒಳಗೆ ಹೀರಿ ಪುಟ ಉಬ್ಬುತ್ತದೆ. ಮೊಳೆ, ಪಿನ್ನು ಏನಿದ್ದರೂ ಆ ಖಾಲಿ ಅಂಚಿನಲ್ಲೇ. ಮೇಲೆ ಅಕ್ರಿಲಿಕ್ ಹಾಳೆ ಹಾಕುವುದಾದರೆ ಕೆಳಬದಿಯಲ್ಲಿ ಸಣ್ಣ ಸಂದು ಬಿಡು, ಇಲ್ಲವಾದರೆ ಒಳಗೇ ಬೆವರು ಕಟ್ಟಿ ಅಕ್ಷರ ಕಾಣದು. ನೆರಳಿರುವ ದಾರಿಯನ್ನೇ ಹಿಡಿ. ನೇರ ಬಿಸಿಲಿಗೆ ಕೆಂಪು, ಹಳದಿ ಬಣ್ಣಗಳು ಮೊದಲು ಮಾಸುತ್ತವೆ.

ಹಲಗೆಯ ನಡುಭಾಗ ನೆಲದಿಂದ 75–90 ಸೆಂಟಿಮೀಟರ್ ಇರಲಿ, ತುಸು ಹಿಂದಕ್ಕೆ ವಾಲಿರಲಿ. ಗಾಲಿಕುರ್ಚಿಯಲ್ಲಿ ಬರುವವರಿಗೂ ಅದೇ ಎತ್ತರ ಅನುಕೂಲ. ಒಂದರಿಂದ ಇನ್ನೊಂದಕ್ಕೆ ಹದಿನೈದು ಇಪ್ಪತ್ತು ಹೆಜ್ಜೆ ಸಾಕು. ಮುಂದಿನ ಹಲಗೆ ಈ ಹಲಗೆಯಿಂದಲೇ ಕಣ್ಣಿಗೆ ಬೀಳಬೇಕು. ತಿರುವಿನಲ್ಲಿ ಬಾಣದ ಗುರುತು ಇಲ್ಲದಿದ್ದರೆ ಅರ್ಧ ಜನ ಕಥೆಯನ್ನು ಕೊನೆಯಿಂದ ಓದಿಕೊಂಡು ಬರುತ್ತಾರೆ.

ಪ್ರತಿ ಪುಟದ ಕೆಳಗೆ ಒಂದೇ ಸಾಲು ಬರೆ: ‘ಮುಂದಿನ ಹಲಗೆಯವರೆಗೆ ಕಪ್ಪೆಯ ಹಾಗೆ ಕುಪ್ಪಳಿಸು’, ‘ಇಲ್ಲಿ ಎಷ್ಟು ಹಕ್ಕಿಯ ದನಿ ಕೇಳಿಸುತ್ತಿದೆ?’ ಉತ್ತರ ಪುಸ್ತಕದಲ್ಲೇ ಸಿಗುವ ಪ್ರಶ್ನೆ ಬೇಡ, ಮಕ್ಕಳಿಗೆ ಅದು ಪರೀಕ್ಷೆಯ ಹಾಗೆ ಕಾಣುತ್ತದೆ. ಮನೆಯಲ್ಲಿ ಬೇರೆ ಭಾಷೆ ಆಡುವವರು ಅಲ್ಲಿದ್ದರೆ ಅವರಿಂದಲೇ ಅನುವಾದ ಮಾಡಿಸು, ಪ್ರಕಾಶಕರ ಒಪ್ಪಿಗೆ ಪಡೆದು ಪಕ್ಕದಲ್ಲಿ ಅಂಟಿಸು. ಊರವರನ್ನು ಸೇರಿಸಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ಕಾಣೆ.

ಕೊನೆಯ ಹಲಗೆಯಲ್ಲಿ ಲೈಬ್ರರಿ ತೆರೆದಿರುವ ಸಮಯ ಬರೆ. ಪಕ್ಕದಲ್ಲೊಂದು ಡಬ್ಬಿ, ಒಂದಿಷ್ಟು ಬೆಣಚುಕಲ್ಲು: ಓದಿದವರು ಒಂದೊಂದು ಹಾಕಿದರೆ ಲೆಕ್ಕ ಸಿಗುತ್ತದೆ. ವಾರಕ್ಕೊಮ್ಮೆ ಒದ್ದೆ ಬಟ್ಟೆ ಹಿಡಿದು ಒಂದು ಸುತ್ತು ಹೋಗಿ ಬಾ. ಒಂದೇ ಪುಟ ಕಾಣೆಯಾದರೂ ಕಥೆ ಅಲ್ಲಿಗೇ ನಿಂತುಬಿಡುತ್ತದೆ.

ಪುಸ್ತಕ ಆರಿಸಿದ ಮೇಲೆ ತಿಳಿಸು, ಹಲಗೆಯ ಅಳತೆ ಕೂತು ಲೆಕ್ಕ ಹಾಕೋಣ.

ನಿನ್ನ ಗೆಳೆಯ