ಅಜ್ಜಿಗೆ, ಮತ್ತೆ ಉಳಿದ ಎಲ್ಲರಿಗೂ

ಊರಿಗೆ ಬಂದು ಒಂದು ವಾರವಾಯಿತು. ಮೂಡಿಗೆರೆಯಲ್ಲಿ ಬಿಡದ ಮಳೆ, ಕರೆಂಟ್ ಇಲ್ಲ, ಅದಕ್ಕೇ ಇಷ್ಟು ತಡ. ರೊಡ್ರಿಗಸ್ ದ್ವೀಪದ ಎರಡು ವರ್ಷ ಮುಗಿಯಿತು. ಹೊರಡುವ ಮೂರು ದಿನ ಮುಂಚೆ ನರ್ಸರಿಯ ಒಂದು ಕಾಫೆ ಮರೋನ್ ಗಿಡ ಹೂ ಬಿಟ್ಟಿತು. ಬಿಳಿ, ಐದೆಸಳು, ಥೇಟ್ ನಕ್ಷತ್ರ.

ಗೊತ್ತಿಲ್ಲದವರಿಗೆ ಎರಡೇ ಮಾತು. ಇದು ನಮ್ಮ ಕಾಫಿಯ ಕುಟುಂಬದ ಗಿಡ, ಮಾರಿಷಸ್‌ಗೆ ಸೇರಿದ ಆ ಪುಟ್ಟ ದ್ವೀಪದ್ದು. ಪೂರ್ತಿ ಅಳಿದೇ ಹೋಯಿತು ಅಂದುಕೊಂಡಿದ್ದಾಗ, 1980ರಲ್ಲಿ ಶಾಲೆ ಹುಡುಗನೊಬ್ಬನಿಗೆ ಒಂದೇ ಒಂದು ಗಿಡ ಸಿಕ್ಕಿತು. ಸುದ್ದಿ ಹಬ್ಬಿದ್ದೇ ತಡ, ಕುಡಿದ ಮರುದಿನದ ತಲೆನೋವಿಗೆ ಮದ್ದು ಅಂತ ಜನ ಕೊಂಬೆ ಮುರಿಯತೊಡಗಿ ಬೇಲಿ ಹಾಕಬೇಕಾಯಿತು! 1986ರಲ್ಲಿ ಅದರ ಕಡ್ಡಿ ಲಂಡನ್ನಿನ ಕ್ಯೂ ತೋಟಕ್ಕೆ ಹೋಯಿತು. ಅಲ್ಲಿ ಬರೀ ಹೂವು, ಕಾಯಿ ಇಲ್ಲ. ಅಲ್ಲಿನ ತೋಟಗಾರ ಕಾರ್ಲೋಸ್ ಮ್ಯಾಗ್ಡಲೇನಾ ಬಿಡದೆ ಹಿಂದೆ ಬಿದ್ದು 2003ರಲ್ಲಿ ಬೀಜ ಕಟ್ಟಿಸಿದರು.

ನರ್ಸರಿಯ ಹುಡುಗರು, ನೀರಿಲ್ಲದ ದಿನ ಟ್ಯಾಂಕರ್ ತಂದ ಅಣ್ಣ, ಬಾಡಿಗೆ ತಡವಾದರೂ ಸುಮ್ಮನಿದ್ದ ಮನೆಯವರು, ಉಪ್ಪಿನಕಾಯಿ ಕಳಿಸಿದ ಗೆಳತಿಯರು, ಎಲ್ಲರಿಗೂ ಥ್ಯಾಂಕ್ಸ್.

ಅಜ್ಜಿಗೆ ಮಾತ್ರ ಒಂದು ಸಾಲು ಸಾಲದು.

ಅವರು ನರ್ಸರಿಯಲ್ಲಿ ಕುಂಡಕ್ಕೆ ಮಣ್ಣು ತುಂಬುತ್ತಿದ್ದವರು. ನಾನು ಅಜ್ಜಿ ಅಂದರೆ ಓಗೊಡುತ್ತಿದ್ದರು, ಅರ್ಥ ಕೇಳಲೇ ಇಲ್ಲ. ನನ್ನನ್ನು 'ಮೊ ಟಿಫಿ' ಅನ್ನುತ್ತಿದ್ದರು, ಅವರ ಕ್ರಿಯೋಲ್ ಮಾತಿನಲ್ಲಿ 'ನನ್ನ ಮಗಳೇ' ಅಂತ. ಮೊದಲ ತಿಂಗಳು ಒಂದು ಟ್ರೇ ಸಸಿ ಒಣಗಿದೆ ಅಂತ ಎಸೆಯಲು ಹೊರಟಿದ್ದೆ. ಕಡ್ಡಿಯಂಥ ಉದ್ದ ಎಲೆ, ಕಂದು ಬಣ್ಣ, ಮತ್ತೇನು ಅಂದುಕೊಳ್ಳಬೇಕು? ಅಜ್ಜಿ ಮಣ್ಣಿನ ಕೈಯಲ್ಲೇ ನನ್ನ ಕೈ ಹಿಡಿದರು. ಉಗುರಿನಿಂದ ಕಾಂಡ ಚೂರು ಕೆರೆದು ತೋರಿಸಿದರು. ಒಳಗೆ ಹಸಿರು. ಎಳೆಯ ಗಿಡ ಇರುವುದೇ ಹಾಗಂತೆ, ಹಿಂದೆ ಅಲ್ಲಿದ್ದ ದೈತ್ಯ ಆಮೆಗಳ ಕಣ್ಣು ತಪ್ಪಿಸಲು ಒಣಗಿದ ವೇಷ, ದೊಡ್ಡದಾದ ಮೇಲೆ ಹಸಿರು ಅಗಲ ಎಲೆ. ಕಾಫಿ ತೋಟದಲ್ಲೇ ಬೆಳೆದವಳು ನಾನು, ನಾಚಿಕೆಯಾಯಿತು.

ಇನ್ನು ಆ ರಾತ್ರಿ. ಅಪ್ಪನ ವಿಷಯ ನಿಮಗೆಲ್ಲ ಗೊತ್ತು. ಫೋನ್ ಬಂದಾಗ ಸೈಕ್ಲೋನ್ ಅಂತ ವಿಮಾನಗಳನ್ನೆಲ್ಲ ನಿಲ್ಲಿಸಿದ್ದರು. ಕೆಲಸದವರೆಲ್ಲ ಮನೆ ಸೇರಿಕೊಂಡರು, ಸೇರಲೇಬೇಕಿತ್ತು. ಅಜ್ಜಿ ಹೋಗಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. "ಟ್ರೇ ಎತ್ತು" ಅಂದರು, ಅಷ್ಟೇ. ಇಬ್ಬರೂ ಸೇರಿ ಸಸಿಗಳನ್ನೆಲ್ಲ ಸ್ಟೋರ್ ರೂಮಿಗೆ ಸಾಗಿಸಿದೆವು. ಹೊರಗೆ ಗಾಳಿಗೆ ತಗಡು ಕಿತ್ತು ಹೋಗುವ ಸದ್ದು. ಗೊಬ್ಬರದ ಚೀಲದ ಮೇಲೆ ಕೂತು ಅತ್ತೆ. ಅಪ್ಪನಿಗೆ ಒಂದು ಹಿಡಿ ಮಣ್ಣು ಹಾಕೋಕೂ ನಾನಿರಲಿಲ್ಲ. ಈ ಸಾಲನ್ನು ಮೂರು ಸಲ ಅಳಿಸಿದೆ, ಇರಲಿ ಬಿಡಿ. ಅಪ್ಪನ ಬಗ್ಗೆ ಕನ್ನಡದಲ್ಲೇ ಏನೇನೋ ಹೇಳುತ್ತಾ ಹೋದೆ. ಅಜ್ಜಿಗೆ ಒಂದಕ್ಷರ ಅರ್ಥವಾಗಿರಲಿಕ್ಕಿಲ್ಲ. ಆದರೂ ನಾನು ನಿಲ್ಲಿಸಿದಾಗಲೆಲ್ಲ "ಅಪ್ರೆ?" ಅನ್ನುತ್ತಿದ್ದರು. ಆಮೇಲೆ? ಬೆಳಗಾಗುವವರೆಗೂ ಹಾಗೇ ಕೇಳಿದರು.

ಹೂ ಬಿಟ್ಟ ಗಿಡ ಆ ರಾತ್ರಿ ನಮ್ಮ ಜೊತೆ ಸ್ಟೋರಿನಲ್ಲಿದ್ದದ್ದೇ.

ಅಜ್ಜಿಗೆ ನಮ್ಮ ತೋಟದ ಕಾಫಿಪುಡಿ ಕಳಿಸಬೇಕು, ಚಿಕೋರಿ ಹಾಕದ್ದು. ಮಾರಿಷಸ್ ಕಡೆ ಹೋಗುವವರು ಯಾರಾದರೂ ಇದ್ದರೆ ಹೇಳ್ತೀರಾ? ಜಾಸ್ತಿ ಭಾರ ಇಲ್ಲ, ಅರ್ಧ ಕೇಜಿ.