ಋತುಗಳ ಚಿತ್ರವನ್ನು ದಯವಿಟ್ಟು ತಿದ್ದಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಮಕ್ಕಳ ಪುಟದಲ್ಲಿ ಋತುಗಳ ಬಗ್ಗೆ ಬಂದ ಲೇಖನ ಓದಿದೆ. ಬರಹ ಚೆನ್ನಾಗಿದೆ. ಭೂಮಿಯ ಅಕ್ಷ ವಾಲಿರುವುದರಿಂದ ಋತುಗಳು ಆಗುತ್ತವೆ ಎಂದು ಸರಿಯಾಗಿಯೇ ಹೇಳಿದ್ದಾರೆ. ನನ್ನ ತಕರಾರು ಪಕ್ಕದಲ್ಲಿ ಹಾಕಿರುವ ಚಿತ್ರದ ಮೇಲೆ. ಅದರಲ್ಲಿ ಭೂಮಿ ಸುತ್ತುವ ದಾರಿ ಉದ್ದನೆಯ ಮೊಟ್ಟೆಯಾಕಾರದಲ್ಲಿದೆ. ನಡುವೆ ಸೂರ್ಯ. ಎರಡು ತುದಿಗಳಲ್ಲಿ ಭೂಮಿ ತುಂಬಾ ದೂರ, ಎರಡು ಬದಿಗಳಲ್ಲಿ ತೀರಾ ಹತ್ತಿರ. ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ನನಗೆ ಈ ಚಿತ್ರದ ಪರಿಚಯ ಹಳೆಯದು. ಪುಸ್ತಕದಲ್ಲಿ, ಗೋಡೆಯ ಚಾರ್ಟಿನಲ್ಲಿ, ಇಂಟರ್ನೆಟ್ಟಿನಲ್ಲಿ, ಎಲ್ಲ ಕಡೆ ಇದೇ. ಮಕ್ಕಳು ಓದಿದ್ದನ್ನು ಮರೆಯುತ್ತಾರೆ, ನೋಡಿದ್ದನ್ನು ಮರೆಯುವುದಿಲ್ಲ. ಅದಕ್ಕೇ ಈ ಪತ್ರ.

ಪ್ರತಿ ವರ್ಷ ಈ ಪಾಠ ಶುರು ಮಾಡುವ ಮೊದಲು ಮಕ್ಕಳನ್ನು ಒಂದು ಪ್ರಶ್ನೆ ಕೇಳುತ್ತೇನೆ. ಬೇಸಿಗೆ ಯಾಕೆ ಬರುತ್ತದೆ? ಮುಂದಿನ ಬೆಂಚಿನಿಂದ ಹಿಂದಿನ ಬೆಂಚಿನವರೆಗೆ ಹೆಚ್ಚಿನವರ ಉತ್ತರ ಒಂದೇ. "ಆಗ ಭೂಮಿ ಸೂರ್ಯನಿಗೆ ಹತ್ತಿರ ಇರುತ್ತೆ ಮಿಸ್." ಅವರನ್ನು ದೂರುವ ಹಾಗಿಲ್ಲ. ಒಲೆ ಹತ್ತಿರ ಕೂತರೆ ಬಿಸಿ, ದೂರ ಸರಿದರೆ ತಂಪು. ಅನುಭವ ಹೇಳಿಕೊಟ್ಟ ಪಾಠ ಇದು. ಅದರ ಮೇಲೆ ಇಂಥ ಚಿತ್ರ ಕಂಡರೆ ಮುಗಿಯಿತು, ತಪ್ಪು ಗಟ್ಟಿಯಾಗಿ ಕೂರುತ್ತದೆ.

ಈಗ ಲೆಕ್ಕ ನೋಡಿ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿ ಮೊದಲ ವಾರದಲ್ಲಿ. ಆಗ ದೂರ ಸುಮಾರು 14.7 ಕೋಟಿ ಕಿಲೋಮೀಟರ್. ಅತಿ ದೂರ ಹೋಗುವುದು ಜುಲೈ ಮೊದಲ ವಾರದಲ್ಲಿ, ಸುಮಾರು 15.2 ಕೋಟಿ ಕಿಲೋಮೀಟರ್. ಅಂದರೆ ಉತ್ತರ ಗೋಳಾರ್ಧದವರು ಚಳಿಯಲ್ಲಿ ನಡುಗುವಾಗಲೇ ಭೂಮಿ ಸೂರ್ಯನಿಗೆ ಹತ್ತಿರ! ಅದೇ ಜನವರಿಯಲ್ಲಿ ದಕ್ಷಿಣ ಗೋಳಾರ್ಧದಲ್ಲಿ ಬೇಸಿಗೆ. ಇರುವುದು ಒಂದೇ ಭೂಮಿ, ದೂರವೂ ಒಂದೇ, ಋತು ಮಾತ್ರ ಎರಡು. ದೂರವೇ ಕಾರಣವಾಗಿದ್ದರೆ ಎರಡೂ ಕಡೆ ಒಟ್ಟಿಗೆ ಸೆಕೆಯಾಗಬೇಕಿತ್ತು, ಅಲ್ವಾ?

ದೂರದ ಪರಿಣಾಮ ಏನೂ ಇಲ್ಲ ಅಂತಲ್ಲ. ಜನವರಿಯಲ್ಲಿ ಭೂಮಿಗೆ ಜುಲೈಗಿಂತ ಶೇಕಡಾ 7ರಷ್ಟು ಜಾಸ್ತಿ ಬಿಸಿಲು ಸಿಗುತ್ತದೆ. ಹಾಗಿದ್ದೂ ಇಡೀ ಭೂಮಿಯ ಸರಾಸರಿ ಉಷ್ಣತೆ ಏರುವುದು ಜುಲೈಯಲ್ಲಿ. ನೆಲ ಜಾಸ್ತಿ ಇರುವುದು ಉತ್ತರದಲ್ಲಿ, ಮತ್ತು ನೆಲ ನೀರಿಗಿಂತ ಬೇಗ ಕಾಯುತ್ತದೆ. ನನಗೆ ಈ ಪಾಠದಲ್ಲಿ ತುಂಬಾ ಇಷ್ಟವಾದ ಸಂಗತಿ ಇದು. ಸೂರ್ಯನಿಂದ ಅತಿ ದೂರ ಇರುವ ತಿಂಗಳಲ್ಲೇ ಭೂಮಿ ಅತಿ ಬೆಚ್ಚಗಿರುತ್ತದೆ.

ಇನ್ನು ಆ ದಾರಿಯ ಆಕಾರ. ಅದು ದೀರ್ಘವೃತ್ತ ಎನ್ನುವುದು ನಿಜ. ಆದರೆ ಎಷ್ಟು ದೀರ್ಘ? ಒಂದು ಹಾಳೆಯ ಮೇಲೆ ಕೈವಾರದಿಂದ 10 ಸೆಂಟಿಮೀಟರ್ ತ್ರಿಜ್ಯದ ವೃತ್ತ ಎಳೆಯಿರಿ. ಭೂಮಿಯ ನಿಜವಾದ ದಾರಿಯನ್ನು ಇದೇ ಅಳತೆಗೆ ಇಳಿಸಿದರೆ ಅದರ ಉದ್ದದ ತ್ರಿಜ್ಯಕ್ಕೂ ಅಡ್ಡದ ತ್ರಿಜ್ಯಕ್ಕೂ ಇರುವ ವ್ಯತ್ಯಾಸ ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಎಷ್ಟೇ ಚೂಪಾದ ಪೆನ್ಸಿಲ್ ಹಿಡಿದರೂ ಗೆರೆಯ ದಪ್ಪದಲ್ಲಿ ಅದು ಮುಚ್ಚಿಹೋಗುತ್ತದೆ. ಸೂರ್ಯ ಮಾತ್ರ ನಟ್ಟನಡುವೆ ಇರುವುದಿಲ್ಲ, ಸುಮಾರು 1.7 ಮಿಲಿಮೀಟರ್ ಪಕ್ಕಕ್ಕೆ ಸರಿದಿರುತ್ತಾನೆ. ನಿಮ್ಮ ಚಿತ್ರದಲ್ಲಿ ದಾರಿಯ ಉದ್ದ ಅಗಲದ ಎರಡರಷ್ಟಿದೆ! ಚಿತ್ರಕಾರರ ಉದ್ದೇಶ ಗೊತ್ತು. ವೃತ್ತವನ್ನು ಬದಿಯಿಂದ ನೋಡಿದರೆ ಚಪ್ಪಟೆಯಾಗಿ ಕಾಣುತ್ತದೆ, ಅವರು ಬರೆದಿರುವುದು ಆ ನೋಟ. ಆದರೆ ಅದನ್ನು ಎಲ್ಲೂ ಹೇಳಿಲ್ಲ. ಹನ್ನೆರಡು ವರ್ಷದ ಮಗುವಿಗೆ ಅದು ಹೇಗೆ ಹೊಳೆಯಬೇಕು?

ತರಗತಿಯಲ್ಲಿ ನಾನು ಚಿತ್ರವನ್ನು ಪಕ್ಕಕ್ಕಿಟ್ಟು ಟಾರ್ಚ್ ಹಿಡಿಯುತ್ತೇನೆ. ಬೆಳಕು ತೀರಾ ಹರಡದಿರಲಿ ಅಂತ ಟಾರ್ಚಿನ ಬಾಯಿಗೆ ಕಪ್ಪು ಕಾಗದದ ಕೊಳವೆ ಸುತ್ತುತ್ತೇನೆ. ಕೆಳಗೆ ಗ್ರಾಫ್ ಹಾಳೆ. ಕಿಟಕಿ ಮುಚ್ಚಿ ಟಾರ್ಚನ್ನು ಹಾಳೆಗೆ ನೇರವಾಗಿ ಹಿಡಿದರೆ ಪುಟ್ಟ ದುಂಡನೆಯ ಬೆಳಕು ಬೀಳುತ್ತದೆ. ಒಬ್ಬರು ಅದರ ಅಂಚಿಗೆ ಪೆನ್ಸಿಲ್ ಗೆರೆ ಎಳೆಯುತ್ತಾರೆ. ಆಮೇಲೆ ಅಷ್ಟೇ ದೂರದಿಂದ ಟಾರ್ಚನ್ನು ಓರೆ ಮಾಡುತ್ತೇನೆ, ಕೋನಮಾಪಕ ಇಟ್ಟು ಹಾಳೆಗೆ 30 ಡಿಗ್ರಿ ಬರುವವರೆಗೆ. ದುಂಡನೆಯ ಬೆಳಕು ಉದ್ದಕ್ಕೆ ಎಳೆದುಕೊಳ್ಳುತ್ತದೆ, ಜೊತೆಗೆ ಮಂಕಾಗುತ್ತದೆ. ಮಕ್ಕಳು ಬಗ್ಗಿ ಚೌಕಗಳನ್ನು ಎಣಿಸುತ್ತಾರೆ. ಹತ್ತಿರ ಹತ್ತಿರ ಎರಡರಷ್ಟು. ಟಾರ್ಚ್ ಅದೇ, ಬೆಳಕೂ ಅಷ್ಟೇ. ಅದೇ ಬೆಳಕನ್ನು ಈಗ ಎರಡರಷ್ಟು ಚೌಕಗಳು ಹಂಚಿಕೊಳ್ಳಬೇಕು. ಒಂದೊಂದಕ್ಕೆ ಸಿಗುವುದು ಅರ್ಧ. ಸೂರ್ಯ ದಿಗಂತದಿಂದ 30 ಡಿಗ್ರಿ ಎತ್ತರದಲ್ಲಿದ್ದಾಗ ನೆಲಕ್ಕೆ ಆಗುವುದೂ ಇದೇ. ಅದರ ಮೇಲೆ, ಓರೆಯಾಗಿ ಬರುವ ಕಿರಣ ಗಾಳಿಯಲ್ಲಿ ಎರಡರಷ್ಟು ದೂರ ಸಾಗಿ ಬರಬೇಕು. ದಾರಿಯಲ್ಲೂ ಒಂದಷ್ಟು ಸೋರಿಹೋಗುತ್ತದೆ.

ಲೆಕ್ಕ ಬೇಕೆನ್ನುವ ದೊಡ್ಡ ಮಕ್ಕಳಿಗೆ 50 ಡಿಗ್ರಿ ಉತ್ತರ ಅಕ್ಷಾಂಶದ ಉದಾಹರಣೆ ಕೊಡುತ್ತೇನೆ. ಭೂಮಿಯ ಅಕ್ಷ ಸುಮಾರು 23.4 ಡಿಗ್ರಿ ವಾಲಿದೆ. ಆದ್ದರಿಂದ ಅಲ್ಲಿ ಜೂನ್ 21ರ ಆಸುಪಾಸು ನಡುಮಧ್ಯಾಹ್ನದ ಸೂರ್ಯ 63 ಡಿಗ್ರಿ ಎತ್ತರಕ್ಕೆ ಏರುತ್ತಾನೆ. ಡಿಸೆಂಬರ್ 21ರ ಆಸುಪಾಸು 17 ಡಿಗ್ರಿಯೂ ದಾಟುವುದಿಲ್ಲ. ಒಂದು ಮೀಟರ್ ಕೋಲು ನೆಟ್ಟರೆ ಜೂನಿನಲ್ಲಿ ಅದರ ನೆರಳು ಅರ್ಧ ಮೀಟರ್, ಡಿಸೆಂಬರಿನಲ್ಲಿ ಮೂರು ಮೀಟರಿಗೂ ಜಾಸ್ತಿ. ಒಂದು ಚದರ ಮೀಟರ್ ನೆಲಕ್ಕೆ ಮಧ್ಯಾಹ್ನ ಬೀಳುವ ಬಿಸಿಲು, ಗಾಳಿಯಲ್ಲಿ ಕಳೆದುಹೋಗುವುದನ್ನು ಬಿಟ್ಟರೂ, ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಗಲು 16 ಗಂಟೆಯಿಂದ 8 ಗಂಟೆಗೆ ಕುಗ್ಗುತ್ತದೆ. ಓರೆ ಬಿಸಿಲು, ಗಿಡ್ಡ ಹಗಲು, ಎರಡೂ ಸೇರಿ ಚಳಿಗಾಲ. ದೂರದಿಂದ ಬರುವ ಶೇಕಡಾ 7 ಇದರ ಮುಂದೆ ಎಷ್ಟು ಸಣ್ಣದು ನೋಡಿ.

ಇಷ್ಟಾದ ಮೇಲೂ ಜಾಣ ಮಕ್ಕಳು ಇನ್ನೊಂದು ದಾರಿ ಹಿಡಿಯುತ್ತಾರೆ. "ಮಿಸ್, ಉತ್ತರದ ಭಾಗ ಸೂರ್ಯನ ಕಡೆ ವಾಲಿದಾಗ ಅದು ಹತ್ತಿರ ಆಗಲ್ವಾ? ಅದಕ್ಕೇ ಬಿಸಿ." ಕೇಳಲೇಬೇಕಾದ ಪ್ರಶ್ನೆ. ಆದರೆ ಇಡೀ ಭೂಮಿಯ ವ್ಯಾಸವೇ 13 ಸಾವಿರ ಕಿಲೋಮೀಟರ್ ಇಲ್ಲ. ವಾಲುವುದರಿಂದ ಸಿಗುವ ಹತ್ತಿರ ಅದಕ್ಕಿಂತಲೂ ಕಡಿಮೆ. 15 ಕೋಟಿಯಲ್ಲಿ ಅದು ಯಾವ ಲೆಕ್ಕ? 50 ಲಕ್ಷ ಕಿಲೋಮೀಟರ್ ಹತ್ತಿರ ಬಂದಾಗಲೇ ಉತ್ತರದ ಚಳಿಗಾಲ ಕದಲಲಿಲ್ಲವಲ್ಲ.

ಗ್ಲೋಬ್ ಕೈಗೆ ಕೊಟ್ಟಾಗ ಮತ್ತೊಂದು ವಿಷಯ ಬಯಲಾಗುತ್ತದೆ. ನಡುವೆ ಬಲ್ಬ್ ಉರಿಸಿ, ಗ್ಲೋಬ್ ಹಿಡಿದು ಸುತ್ತು ಬನ್ನಿ ಅಂದರೆ ಮಕ್ಕಳು ತಮಗೆ ಗೊತ್ತಿಲ್ಲದೆಯೇ ಗ್ಲೋಬನ್ನು ತಿರುಗಿಸಿಕೊಳ್ಳುತ್ತಾರೆ. ಉತ್ತರ ಧ್ರುವ ಸದಾ ಬಲ್ಬಿನ ಕಡೆಗೇ ವಾಲಿರುತ್ತದೆ. ಹಾಗಾದರೆ ವರ್ಷವಿಡೀ ಅಲ್ಲಿ ಬೇಸಿಗೆಯೇ! ಭೂಮಿಯ ಅಕ್ಷ ವರ್ಷದುದ್ದಕ್ಕೂ ಒಂದೇ ದಿಕ್ಕಿಗೆ, ಧ್ರುವ ನಕ್ಷತ್ರದ ಕಡೆಗೆ, ಮುಖ ಮಾಡಿರುತ್ತದೆ. ಅದು ದಿಕ್ಕು ಬದಲಿಸುವುದು ತುಂಬಾ ನಿಧಾನ, ಒಂದು ಸುತ್ತಿಗೆ ಸುಮಾರು 26 ಸಾವಿರ ವರ್ಷ. ಹಾಗಾಗಿ ಗ್ಲೋಬಿನ ತುದಿ ಕೋಣೆಯ ಒಂದೇ ಮೂಲೆಯನ್ನು ನೋಡುತ್ತಿರಲಿ ಅಂತ ಹೇಳುತ್ತೇನೆ. ಆಗ ಬಲ್ಬಿನ ಈ ಬದಿಯಲ್ಲಿ ಉತ್ತರ ಬೆಳಕಿನ ಕಡೆ ವಾಲಿರುತ್ತದೆ, ಆ ಬದಿಗೆ ಹೋದಾಗ ಬೆಳಕಿನಿಂದ ಆಚೆಗೆ. ನಡೆಯುತ್ತಿದ್ದ ಹುಡುಗಿ ಅಲ್ಲೇ ನಿಂತು, "ಗ್ಲೋಬ್ ಅಲ್ಲಾಡಿಲ್ಲ, ನಾನು ಮಾತ್ರ ಈ ಕಡೆ ಬಂದೆ" ಅಂದಳು. ಇಡೀ ಪಾಠ ಅಷ್ಟರಲ್ಲೇ ಬಂತು.

ಧ್ರುವದ ಮಾತೂ ಒಂದಿಷ್ಟು. ಜೂನ್ ಕೊನೆಯ ವಾರಗಳಲ್ಲಿ ಉತ್ತರ ಧ್ರುವದಲ್ಲಿ ಸೂರ್ಯ ಮುಳುಗುವುದೇ ಇಲ್ಲ. ವಾತಾವರಣದ ಮೇಲ್ತುದಿಯಲ್ಲಿ ಅಳೆದರೆ ದಿನಕ್ಕೆ ಅಲ್ಲಿ ಸಿಗುವ ಬಿಸಿಲು ಸಮಭಾಜಕ ವೃತ್ತಕ್ಕೆ ಸಿಗುವುದಕ್ಕಿಂತ ಜಾಸ್ತಿ. ಆದರೂ ಧ್ರುವ ಬಿಸಿಯಾಗುವುದಿಲ್ಲ. ಸೂರ್ಯ ಅಲ್ಲಿ 23.4 ಡಿಗ್ರಿಗಿಂತ ಮೇಲೆ ಏರುವುದೇ ಇಲ್ಲ. ಓರೆ ಕಿರಣ ದಟ್ಟ ಗಾಳಿ ದಾಟಿ ಬರಬೇಕು. ಬಂದದ್ದರಲ್ಲಿ ಬಹುಪಾಲನ್ನು ಬಿಳಿ ಹಿಮ ವಾಪಸ್ ಕಳಿಸುತ್ತದೆ. ಉಳಿದದ್ದು ಹಿಮ ಕರಗಿಸುವುದರಲ್ಲೇ ಖರ್ಚಾಗುತ್ತದೆ. ಉಷ್ಣವಲಯದಲ್ಲಿ ಕಥೆ ಬೇರೆ. ಅಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿ ಮೇಲೆ ಬರುತ್ತಾನೆ, ಬಿಸಿಲಿನ ಓರೆ ಅಷ್ಟೇನೂ ಬದಲಾಗುವುದಿಲ್ಲ. ಅಲ್ಲಿನ ಋತುಗಳನ್ನು ಹೆಚ್ಚಾಗಿ ಮಳೆಯೇ ಗೊತ್ತುಮಾಡುತ್ತದೆ.

ಎಲ್ಲ ಗ್ರಹಗಳಲ್ಲೂ ದೂರಕ್ಕೆ ಬೆಲೆ ಇಲ್ಲ ಅಂತ ಯಾರೂ ತಿಳಿಯಬಾರದು. ಮಂಗಳನ ಅಕ್ಷ ಸುಮಾರು 25 ಡಿಗ್ರಿ ವಾಲಿದೆ, ಹೆಚ್ಚುಕಡಿಮೆ ನಮ್ಮ ಭೂಮಿಯಷ್ಟೇ. ಆದರೆ ಅದರ ದಾರಿ ಭೂಮಿಯದಕ್ಕಿಂತ ತುಂಬಾ ಹೆಚ್ಚು ದೀರ್ಘವೃತ್ತ. ಅಲ್ಲಿ ದೂರವೂ ಋತುಗಳ ಮೇಲೆ ಚೆನ್ನಾಗಿಯೇ ಕೈಯಾಡಿಸುತ್ತದೆ. ಗುರುಗ್ರಹ ವಾಲಿರುವುದು ಬರೀ 3 ಡಿಗ್ರಿ. ಅಲ್ಲಿ ಋತು ಅಂತ ಹೇಳಿಕೊಳ್ಳುವಂಥದ್ದು ಇಲ್ಲ.

ಸಂಪಾದಕರೇ, ಸುಮ್ನೆ ತಪ್ಪು ತೋರಿಸಲು ಇಷ್ಟುದ್ದ ಬರೆದಿಲ್ಲ. ಮಕ್ಕಳ ಪುಟವನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಳ್ಳುವ ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ಮುಂದಿನ ಸಲ ಭೂಮಿಯ ದಾರಿಯನ್ನು ಮೇಲಿನಿಂದ ನೋಡಿದ ಹಾಗೆ, ಕೈವಾರದಿಂದ ಎಳೆದ ವೃತ್ತವಾಗಿಯೇ ಹಾಕಿಸಿ. ಬದಿಯ ನೋಟವೇ ಬೇಕೆಂದರೆ "ಓರೆಯಿಂದ ನೋಡಿದ್ದು, ನಿಜವಾದ ದಾರಿ ಬಹುಮಟ್ಟಿಗೆ ವೃತ್ತ" ಎಂದು ಕೆಳಗೆ ಒಂದು ಸಾಲು ಬರೆಸಿ. ಜನವರಿ, ಜುಲೈ ಎಂದು ಗುರುತು ಹಾಕಿ ಎರಡು ದೂರಗಳನ್ನೂ ಕೊಟ್ಟರೆ ಮಕ್ಕಳು ತಾವೇ ಪ್ರಶ್ನೆ ಕೇಳಲು ಶುರು ಮಾಡುತ್ತಾರೆ. ಮೂಲೆಯಲ್ಲಿ ಒಂದು ನೇರ ಕಿರಣ, ಒಂದು ಓರೆ ಕಿರಣ, ಎರಡೂ ಎಷ್ಟೆಷ್ಟು ನೆಲ ಮುಚ್ಚುತ್ತವೆ ಎನ್ನುವುದಕ್ಕೆ ಪುಟ್ಟ ಚಿತ್ರ ಸಾಕು. ಚಿತ್ರಕಾರರಿಗೆ ಅಳತೆಗಳು ಬೇಕಿದ್ದರೆ ಬರೆದು ಕಳಿಸಲು ನಾನು ಸಿದ್ಧ.

ಇಂತಿ,
ಒಬ್ಬ ವಿಜ್ಞಾನ ಶಿಕ್ಷಕಿ