ಪುಟ್ಟಿ, ಒಬ್ಬಳೇ ಹೋಗಬೇಡ

ಪುಟ್ಟಿ,

ನಿನ್ನ ಪತ್ರ ಮೂರು ಸಲ ಓದಿದೆ. ತೂಕ ಮತ್ತೆ ಏರಿದ್ದು, ತೂಕ ಇಳಿಸೋಕೆ ಹೊಟ್ಟೆ ಕತ್ತರಿಸಿ ಸಣ್ಣ ಕೊಳವೆಯಂತೆ ಮಾಡಿದ ಆ ಸ್ಲೀವ್ ಆಪರೇಷನ್ನನ್ನು ಡಾಕ್ಟರು ಈಗ ಬೈಪಾಸ್ ಮಾಡೋಣ, ಅಂದರೆ ಹೊಟ್ಟೆಯನ್ನು ಇನ್ನೂ ಚಿಕ್ಕದು ಮಾಡಿ ಕರುಳಿನ ಮುಂದಿನ ಭಾಗಕ್ಕೆ ಜೋಡಿಸೋಣ ಅಂದಿದ್ದು, ಇದಕ್ಕೆಲ್ಲ ನನಗೆ ಅಷ್ಟು ದಿಗಿಲಾಗಲಿಲ್ಲ. ಕೊನೆಯಲ್ಲಿ ಬರೆದಿದ್ದೀಯಲ್ಲ, ‘ಈ ಸಲ ಯಾರಿಗೂ ಹೇಳಲ್ಲ ಅತ್ತೆ, ಒಬ್ಬಳೇ ಹೋಗಿ ಮಾಡಿಸ್ಕೊಂಡು ಬರ್ತೀನಿ, ಇದೂ ಕೆಟ್ಟರೆ ಯಾರಿಗೂ ಗೊತ್ತಾಗೋದೇ ಬೇಡ’ ಅಂತ. ಅಲ್ಲಿಗೆ ಬರುವ ಹೊತ್ತಿಗೆ ಒಲೆ ಮೇಲಿನ ಹಾಲು ಉಕ್ಕಿ ಹೋಗಿತ್ತು. ನಿನ್ನ ಮಾವ ಕೂಗಿದ ಮೇಲೇ ಎದ್ದೆ.

ಹಾಗೆ ಯಾಕನ್ನಿಸಿತು ಅಂತ ನನಗೆ ಗೊತ್ತು. ನೀನು ಬಾಯಿಬಿಟ್ಟು ಹೇಳಿಲ್ಲ, ಆದರೆ ಅದಕ್ಕೆ ಕಾರಣ ನಾನೇ. ಅರಸೀಕೆರೆಯ ಆ ನಾಮಕರಣದಲ್ಲಿ ‘ಹುಡುಗಿ ಹೇಗಮ್ಮ ಇಷ್ಟು ಸಣ್ಣ ಆದಳು’ ಅಂತ ಯಾರೋ ಕೇಳಿದ್ದಕ್ಕೆ ನಾನು ಹೆಮ್ಮೆಯಿಂದ ಎಲ್ಲ ಹೇಳಿಬಿಟ್ಟೆ. ಊಟಕ್ಕೆ ಕೂತಾಗ ಆ ಸಾಲಿನ ಹೆಂಗಸರೆಲ್ಲ ನಿನ್ನ ಎಲೆಯನ್ನೇ ನೋಡುತ್ತಿದ್ದರು. ನೀನು ಜಿಲೇಬಿ ಮುರಿದು ಅರ್ಧ ಬಾಯಿಗಿಟ್ಟೆ, ಇನ್ನರ್ಧ ಎಲೆಯ ತುದಿಯಲ್ಲಿ ಅನ್ನದ ಕೆಳಗೆ ಬಚ್ಚಿಟ್ಟೆ. ನಾನು ನೋಡಿದೆ. ನೋಡಿಯೂ ಸುಮ್ಮನಿದ್ದೆ. ಆಮೇಲೆ ತಿಪಟೂರಿಂದ ತಿಂಗಳಿಗೊಂದು ಡಬ್ಬ ಕೊಬ್ಬರಿ ಮಿಠಾಯಿ ಕಳಿಸಿದವಳೂ ನಾನೇ. ಇನ್ನು ಯಾವ ಮುಖ ಇಟ್ಟುಕೊಂಡು ನಿನಗೆ ಬುದ್ಧಿ ಹೇಳಲಿ!

ಆದರೂ ಒಂದು ಮಾತು ಹೇಳುತ್ತೇನೆ, ನಿನ್ನ ಅಪ್ಪನಿಗೂ ಗೊತ್ತಿಲ್ಲ ಇದು. ನನ್ನ ಹೊಟ್ಟೆಯ ಹರ್ನಿಯಾ ಆಪರೇಷನ್ ಆಗಿ ವರ್ಷ ಕಳೆಯುವುದರೊಳಗೆ ಹೊಲಿಗೆ ಹಾಕಿದ ಜಾಗದಲ್ಲೇ ಮತ್ತೆ ಉಬ್ಬಿತು. ಬೋರ್‌ವೆಲ್ಲಿಂದ ಕೊಡ ಹೊತ್ತು ತಂದಿದ್ದಕ್ಕೇ ಹೀಗಾಯಿತು ಅಂದುಕೊಂಡೆ. ‘ಭಾರ ಎತ್ತಬೇಡ ಅಂದಿರಲಿಲ್ವಾ’ ಅಂತ ಅತ್ತೆಯವರು ಅನ್ನುತ್ತಾರಲ್ಲ, ಆ ಒಂದು ಮಾತಿಗೆ ಹೆದರಿ ಎರಡು ವರ್ಷ ಬಚ್ಚಿಟ್ಟೆ. ಹಳೇ ಪಂಚೆ ಹರಿದು ನಾಲ್ಕು ಮಡಿಕೆ ಮಾಡಿ, ಸೀರೆಯೊಳಗೆ ಬಿಗಿಯಾಗಿ ಕಟ್ಟಿಕೊಂಡು, ಬೆಳಿಗ್ಗೆ ಎಲ್ಲರೂ ಏಳುವ ಮೊದಲೇ ಸ್ನಾನ ಮುಗಿಸಿ ಮತ್ತೆ ಕಟ್ಟಿಕೊಳ್ಳುತ್ತಿದ್ದೆ. ಒಂದು ರಾತ್ರಿ ಕರುಳು ಅಲ್ಲೇ ಸಿಕ್ಕಿಹಾಕಿಕೊಂಡಿತು. ವಾಂತಿಯೋ ವಾಂತಿ. ಆಸ್ಪತ್ರೆಯಲ್ಲಿ ‘ಎಷ್ಟು ದಿನದಿಂದ ಇದೆ’ ಅಂತ ಡಾಕ್ಟರು ಕೇಳಿದಾಗ ನಿನ್ನ ಮಾವ ‘ಇವತ್ತೇ ಸಾರ್’ ಅಂದರು. ಪಾಪ, ಅವರಿಗೆ ಗೊತ್ತಿದ್ದದ್ದೇ ಅಷ್ಟು.

ಮೊದಲ ಸಲ ಬರೀ ಹೊಲಿಗೆ ಹಾಕಿದ್ದರಂತೆ, ಎರಡನೇ ಸಲ ಮೆಶ್ ಅಂತ ಬಲೆಯಂಥದ್ದು ಇಟ್ಟರು. ಕೊಡದ ತಪ್ಪೋ ಹೊಲಿಗೆಯ ತಪ್ಪೋ, ಎರಡು ವರ್ಷ ಮಾತ್ರ ನಾನೇ ತಪ್ಪಿತಸ್ಥೆ ಅಂತ ತಿರುಗಿದೆ.

ಈಗ ನಿನ್ನ ವಿಷಯ. ಕೋಪ ಮಾಡಿಕೊಳ್ಳಬೇಡ, ಪಕ್ಕದ ಬೀದಿಯ ಡಾಕ್ಟರ್ ಹುಡುಗಿಯನ್ನು ಕೇಳಿದೆ. ‘ನನ್ನ ಗೆಳತಿಯ ಮಗಳಿಗೆ’ ಅಂದೆ, ಹೆಸರು ಹೇಳಲಿಲ್ಲ, ಆಣೆ. ಸ್ಲೀವ್ ಆದ ಕೆಲವು ವರ್ಷಕ್ಕೆ ತೂಕ ಮರಳುವುದು ತುಂಬ ಜನರಿಗೆ ಆಗುತ್ತಂತೆ. ಹೊಟ್ಟೆಯ ಶೇಕಡ 80ರಷ್ಟು ತೆಗೆದರೂ ಉಳಿದದ್ದು ಹಿಗ್ಗಬಹುದು, ಹಸಿವೂ ಮರಳಬಹುದು, ಐಸ್‌ಕ್ರೀಮು, ಜ್ಯೂಸು ಥರದ್ದು ಯಾವ ಸ್ಲೀವಿನಲ್ಲೂ ಸರಾಗ ಜಾರಿ ಹೋಗುತ್ತೆ ಅಂದಳು. ನಿನ್ನ ಎದೆಯುರಿ, ಎರಡು ದಿಂಬು ಇಟ್ಟು ಮಲಗುವುದು, ಅದೂ ಸ್ಲೀವ್ ಆದವರಲ್ಲಿ ಇರೋದೇ ಅಂತೆ. ಅದಕ್ಕೆ ಬೈಪಾಸೇ ಒಳ್ಳೆಯದು ಅನ್ನುತ್ತಾರಂತೆ. ಹಾಗಾಗಿ ಮಾಡಿಸಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಎರಡನೆಯದು ಮೊದಲಿನಷ್ಟು ಸುಲಭ ಅಲ್ವಂತೆ. ಹಳೇ ಗಾಯದ ಜಾಗ ಒಳಗೆ ಅಂಟಿಕೊಂಡಿರುತ್ತೆ, ಒಳಗಿನ ಹೊಲಿಗೆ ಸೋರುವ, ರಕ್ತ ಹೋಗುವ ಅಪಾಯ ಜಾಸ್ತಿ, ತೂಕ ಇಳಿಯುವುದು ಸಾಮಾನ್ಯವಾಗಿ ಮೊದಲ ಸಲಕ್ಕಿಂತ ಕಡಿಮೆ.

ನನಗೆ ಹೆದರಿಕೆ ಹುಟ್ಟಿದ್ದು ಇಲ್ಲೇ ಪುಟ್ಟಿ. ಮನೆಗೆ ಬಂದ ಮೇಲೂ ಒಳಗೆ ಸೋರಬಹುದಂತೆ. ಜ್ವರ, ಹೊಟ್ಟೆನೋವು, ಉಬ್ಬಸ, ನಾಡಿ 120 ದಾಟಿ ಓಡುವುದು, ಇವು ಕಂಡರೆ ಒಂದು ಗಂಟೆಯೂ ಕಾಯಬಾರದಂತೆ. ಬಾಗಿಲು ಹಾಕಿಕೊಂಡು ಒಬ್ಬಳೇ ಮಲಗಿದ್ದರೆ ನಿನ್ನ ನಾಡಿ ಹಿಡಿದು ನೋಡುವವರು ಯಾರು? ‘ಗ್ಯಾಸ್ ಇರಬೇಕು’ ಅಂತ ನೀನೇ ಸುಮ್ಮನಾಗುತ್ತೀಯ. ನಾನೂ ಹಾಗೇ ಅಂದುಕೊಂಡಿದ್ದೆ.

ಇನ್ನೊಂದು. ಬೈಪಾಸ್ ಆದವರು ಬ್ರೂಫೆನ್ ಥರದ ನೋವಿನ ಮಾತ್ರೆ ತಿನ್ನಬಾರದು, ಒಳಗಿನ ಜೋಡಣೆಯಲ್ಲಿ ಹುಣ್ಣಾಗುತ್ತೆ. ನಿನ್ನ ಅಮ್ಮನ ಕೈಗೆ ಅದೇ ತಾನೆ ಮೊದಲು ಸಿಗುವುದು? ಹಲ್ಲುನೋವು ಅಂದರೂ ಅದೇ, ಬೆನ್ನು ಹಿಡಿದರೂ ಅದೇ. ಅವಳಿಗೆ ಹೇಳದೆ ಎಷ್ಟು ದಿನ ತಪ್ಪಿಸಿಕೊಳ್ಳುತ್ತೀಯ? ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಜೀವನಪೂರ್ತಿ ನುಂಗಬೇಕು, ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆ. ಇದನ್ನೆಲ್ಲ ಹಬ್ಬಕ್ಕೆ ಬಂದ ಮನೆಯಲ್ಲಿ ಬ್ಯಾಗಿನ ತಳದಲ್ಲಿ ಬಚ್ಚಿಟ್ಟು ನುಂಗುತ್ತೀಯಾ? ನಾಲ್ಕು ದಿನ ಮರೆತರೆ ಕೇಳುವವರಿಲ್ಲ.

ಇನ್ನು ನನಗೆ ತೋಚಿದ್ದು, ತಪ್ಪಿದ್ದರೆ ಬಿಡು. ಎಂಡೋಸ್ಕೋಪಿ ಮಾಡಿ, ಔಷಧಿ ಕುಡಿಸಿ ಎಕ್ಸ್‌ರೇ ತೆಗೆದು, ಸ್ಲೀವ್ ಹಿಗ್ಗಿದೆಯಾ ನೋಡದೆ ಒಪ್ಪಬೇಡ. 2025ರಲ್ಲಿ ನಮ್ಮಲ್ಲಿಗೂ ಬಂದ ಮೌಂಜಾರೋ, ವೆಗೋವಿ ಅನ್ನುವ ತೂಕ ಇಳಿಸುವ ಇಂಜೆಕ್ಷನ್ನು ನಿನಗೆ ಆಗುತ್ತಾ ಅಂತಲೂ ಕೇಳು, ನಿಲ್ಲಿಸಿದರೆ ತೂಕ ವಾಪಸ್ ಬರುತ್ತೆ ಅನ್ನುತ್ತಾರೆ, ದುಡ್ಡೂ ಜಾಸ್ತಿ, ಆದರೂ ಕೇಳು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕಂತೆ, ಮೊದಲು ಮೊಟ್ಟೆ ಕಾಳು, ಆಮೇಲೆ ಅನ್ನ. ಮಿಠಾಯಿ ಡಬ್ಬ ಕಳಿಸೋದು ನಿಲ್ಲಿಸಿದ್ದೇನೆ.

ಊರಿಗೆಲ್ಲ ಸಾರು ಅಂತ ನಾನೆಲ್ಲಿ ಹೇಳಿದೆ? ಆ ಕೆಲಸ ಒಮ್ಮೆ ನಾನು ಮಾಡಿ ಆಗಿದೆ. ನಿನ್ನ ಅಮ್ಮನಿಗೆ ಹೇಳು, ಇಲ್ಲ ಅವಳಿಗೆ ಹೇಳಲು ನಾಲಿಗೆ ಬರದಿದ್ದರೆ ನನ್ನನ್ನು ಕರೆದುಕೊಂಡು ಹೋಗು. ಆಸ್ಪತ್ರೆಯ ಫಾರಂನಲ್ಲಿ ನನ್ನ ನಂಬರ್ ಬರೆ. ‘ಇದೂ ಕೆಟ್ಟರೆ’ ಅಂದೆಯಲ್ಲ, ಕೆಟ್ಟರೆ ಪಕ್ಕದಲ್ಲಿ ಕೂತು ಬೈಸಿಕೊಳ್ಳಲಾದರೂ ನಾನು ಬೇಕು.

ತಾರೀಖು ಗೊತ್ತಾದ ಕೂಡಲೇ ಫೋನ್ ಮಾಡು, ಮಧ್ಯಾಹ್ನ ಮೂರರ ಮೇಲೆ. ಆಗ ನಿನ್ನ ಮಾವ ಮಲಗಿರುತ್ತಾರೆ, ಯಾರಿಗೂ ಕೇಳಿಸಲ್ಲ.

ನಿನ್ನ ಅತ್ತೆ